ಅರಮನೆ ಬಿತ್ತು, ಹಾಡು ಉಳೀತು: ಪುರಂದರದಾಸರ ಸರಳತೆಯ ಲೆಕ್ಕ

ಭಾಗ 1/9: ನದಿ ಅಂಚಿನ ಮಂಟಪ

ಮೊದಲು ಫೋಟೋ ನೋಡಿ. ಹಂಪಿಯ ವಿಠ್ಠಲ ದೇವಸ್ಥಾನದ ಹತ್ತಿರ, ತುಂಗಭದ್ರೆಯ ಅಂಚಲ್ಲೇ ನಿಂತಿರೋ ಕಲ್ಲಿನ ಮಂಟಪ ಇದು. ಹೆಸರು ಪುರಂದರ ಮಂಟಪ. ಡ್ಯಾಮಿಂದ ಜಾಸ್ತಿ ನೀರು ಬಿಟ್ಟ ವರ್ಷ ಇದು ಮುಳುಗುತ್ತೆ. ಪೇಪರಲ್ಲಿ ಫೋಟೋ ಬರುತ್ತೆ. ನೀರು ಇಳಿದ ಮೇಲೆ ಕೆಸರು ಮೆತ್ತಿಕೊಂಡು ಮತ್ತೆ ಹಾಗೇ ನಿಂತಿರುತ್ತೆ.

ಸ್ವಲ್ಪ ದೂರದಲ್ಲೇ ಕಲ್ಲಿನ ರಥ ಇದೆ, ತಟ್ಟಿದರೆ ನಾದ ಬರೋ ಕಂಬಗಳಿವೆ. ನಾವೆಲ್ಲ ಟ್ರಿಪ್ ಹೋದಾಗ ಸೆಲ್ಫಿ ತಗೊಂಡಿದ್ದು ಅಲ್ಲೇ. ಈ ಮಂಟಪಕ್ಕೆ ಬಂದಿದ್ದು ನಾಲ್ಕೇ ಜನ, ಅದೂ ನೆರಳಿದೆ ಅಂತ.

ಅಲ್ಲಿ ಕೂತಾಗ ನನಗೆ ಹೋದ ವರ್ಷದ ಬೀಳ್ಕೊಡುಗೆ ದಿನ ನೆನಪಾಯ್ತು. ಸೀನಿಯರ್‌ಗಳಿಗೆ ಅಂತ ನಾನೇ ಹಾಡು ಬರೆದು ರಾಗ ಹಾಕಿದ್ದೆ, ನಿಮಗೆ ಗೊತ್ತಲ್ಲ? ಮಧ್ಯದಲ್ಲಿ ತಾಳ ಬದಲಾಗುತ್ತೆ, ಎರಡನೇ ಚರಣ ಬೇರೆ ಶ್ರುತಿಗೆ ಹೋಗುತ್ತೆ, ಒಂದೊಂದು ಸಾಲಲ್ಲೂ ಡಿಕ್ಷನರಿ ನೋಡಿ ತೆಗೆದ ಪದ. ಎರಡು ತಿಂಗಳು ಕೂತು ಮಾಡಿದ್ದೆ. ಸ್ಟೇಜ್ ಮೇಲೆ "ಎಲ್ಲರೂ ಜೊತೆಗೆ ಹಾಡಿ" ಅಂದೆ. ಯಾರೂ ಹಾಡಲಿಲ್ಲ. ಹಾಡೋಕೆ ಆಗಲಿಲ್ಲ ಅಂದರೆ ಸರಿ. ಮುಗಿದ ಮೇಲೆ ಚಪ್ಪಾಳೆ ಬಂತು, "ಟಫ್ ಆಗಿತ್ತು ಕಣೇ, ಸೂಪರ್" ಅಂದ್ರಿ. ಮಾರನೇ ದಿನ ಕ್ಯಾಂಟೀನ್‌ನಲ್ಲಿ ಒಬ್ಬರ ಬಾಯಲ್ಲೂ ಅದರ ಒಂದು ಸಾಲಿರಲಿಲ್ಲ.

ಈ ಮಂಟಪಕ್ಕೆ ಯಾರ ಹೆಸರಿದೆಯೋ ಅವರ ಪದಗಳು ಮಾತ್ರ ಸುಮಾರು ನಾನೂರೈವತ್ತು ವರ್ಷ ಆದರೂ ಜನರ ಬಾಯಲ್ಲಿವೆ. ಸಂಗೀತ ಕಲಿತೋರ ಬಾಯಲ್ಲೂ, ಕಲೀದೇ ಇರೋರ ಬಾಯಲ್ಲೂ. ಯಾಕೆ? ಈ ಒಂಬತ್ತು ಪೋಸ್ಟ್‌ಗಳಲ್ಲಿ ನಾನು ಹುಡುಕ್ತಿರೋದು ಇದನ್ನೇ. ಈ ವರ್ಷದ ಹಾಡೂ ನಾನೇ ಬರೀಬೇಕು, ಅದಕ್ಕೆ ಈ ಉತ್ತರ ನನಗೆ ನಿಜವಾಗಲೂ ಬೇಕು.

ಭಾಗ 2/9: ಬಡ್ಡಿ ಲೆಕ್ಕದ ಮನುಷ್ಯ

ಪುರಂದರದಾಸರ ಕಾಲ ಅಂತ ಸಾಮಾನ್ಯವಾಗಿ ಕೊಡೋದು 1484ರಿಂದ 1564. ದಾಸರಾಗೋ ಮುಂಚೆ ಅವರ ಹೆಸರು ಶ್ರೀನಿವಾಸ ನಾಯಕ. ಒಡವೆ ವ್ಯಾಪಾರ, ಬಡ್ಡಿ ವ್ಯವಹಾರ. ಎಷ್ಟು ಶ್ರೀಮಂತರು ಅಂದ್ರೆ ಜನ "ನವಕೋಟಿ ನಾರಾಯಣ" ಅಂತಿದ್ದರು. ಕೈ ಬಿಗಿ ಬೇರೆ.

ಮೂಗುತಿ ಕಥೆ ನಿಮಗೆ ಗೊತ್ತಿರುತ್ತೆ. ಮಗನ ಮುಂಜಿಗೆ ಸಹಾಯ ಕೇಳಿಕೊಂಡು ಬಂದ ಬಡ ಬ್ರಾಹ್ಮಣನನ್ನ ನಾಯಕರು ದಿನಗಟ್ಟಲೆ ಅಲೆಸ್ತಾರೆ. ಕೊನೆಗೆ ಆತ ಅವರ ಹೆಂಡತಿ ಸರಸ್ವತಿಯ ಹತ್ತಿರ ಹೋಗ್ತಾನೆ. ಆಕೆ ತನ್ನ ಮೂಗುತಿ ಬಿಚ್ಚಿ ಕೊಡ್ತಾಳೆ. ಆತ ಅದನ್ನ ಮಾರೋಕೆ ನೇರ ನಾಯಕರ ಅಂಗಡಿಗೇ ಬರ್ತಾನೆ! ಆಮೇಲೆ ನಡೆದಿದ್ದು ಪವಾಡ ಅಂತ ಪರಂಪರೆ ಹೇಳುತ್ತೆ. ಅದನ್ನ ಇತಿಹಾಸ ಅಂತ ನಾನು ನಿಮ್ಮ ಮುಂದೆ ಇಡಲ್ಲ. ನಮಗೆ ಬೇಕಾದ್ದು ಇಷ್ಟು: ಒಬ್ಬ ದೊಡ್ಡ ವ್ಯಾಪಾರಿ ಎಲ್ಲ ಬಿಟ್ಟು ವಿಜಯನಗರಕ್ಕೆ ಬಂದ, ವ್ಯಾಸರಾಯರ ಶಿಷ್ಯನಾದ, "ಪುರಂದರ ವಿಠ್ಠಲ" ಅಂತ ಅಂಕಿತ ಪಡೆದ, ತಂಬೂರಿ ಹಿಡಿದು ಬೀದಿಗೆ ಇಳಿದ.

ಆಗಿನ ವಿಜಯನಗರ ಹೇಗಿತ್ತು? ಕೃಷ್ಣದೇವರಾಯ ಆಳಿದ್ದು 1509ರಿಂದ 1529. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಈ ಊರು ರೋಮ್‌ನಷ್ಟು ದೊಡ್ಡದು ಅನ್ನೋ ಅರ್ಥದಲ್ಲಿ ಬರೆದಿದ್ದಾನೆ. ಅರಮನೇಲಿ ಕವಿಗಳು, ಮಠದಲ್ಲಿ ಪಂಡಿತರು. ಪಾಂಡಿತ್ಯದ ಭಾಷೆ ಸಂಸ್ಕೃತ. ವ್ಯಾಸರಾಯರೇ ಸಂಸ್ಕೃತದಲ್ಲಿ ದೊಡ್ಡ ದೊಡ್ಡ ಶಾಸ್ತ್ರಗ್ರಂಥ ಬರೆದವರು. ಆದರೂ ಅವರು ಕನ್ನಡದಲ್ಲಿ ಪದ ಕಟ್ಟಿದರು. ಅವರಿಗಿಂತ ಮುಂಚೆ ಮುಳಬಾಗಿಲಿನ ಶ್ರೀಪಾದರಾಜರೂ ಕಟ್ಟಿದ್ದರು. ಅಂದರೆ ದಾರಿ ಮೊದಲೇ ಇತ್ತು. ಪುರಂದರದಾಸರು ಆ ದಾರೀಲಿ ಎಲ್ಲರನ್ನೂ ಕರ್ಕೊಂಡು ಹೋದರು.

ಒಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ವ್ಯಾಪಾರಿಗೆ ಗಿರಾಕಿ ಗೊತ್ತಿರ್ತಾನೆ. ಅಂಗಡಿಗೆ ಬಂದವನ ಕೈಗೆ ಎಷ್ಟು ಭಾರ ಹೊರೋಕಾಗುತ್ತೆ ಅಂತ ನೋಡಿ ಮೂಟೆ ಕಟ್ಟೋದು ಅವನಿಗೆ ಅಭ್ಯಾಸ.

ಭಾಗ 3/9: ಅರ್ಧ ಕಲಿತರೆ ಪೂರ್ತಿ ಬರುವ ರಾಗ

ಕರ್ನಾಟಕ ಸಂಗೀತ ಪಾಠಕ್ಕೆ ಒಂದು ವಾರ ಹೋದವರಿಗೂ ಸರಳಿ ವರಸೆ ಗೊತ್ತು. ಸರಿಗಮ ಮೇಲೆ ಹೋಗಿ ಕೆಳಗೆ ಬರೋದು. ಆಮೇಲೆ ಜಂಟಿ, ದಾಟು, ಅಲಂಕಾರ. ಬೆಂಗಳೂರಲ್ಲಿ ಕಲೀರಿ, ಚೆನ್ನೈಲಿ ಕಲೀರಿ, ಶುರುವಾಗೋದು ಒಂದೇ ರಾಗದಲ್ಲಿ: ಮಾಯಾಮಾಳವಗೌಳ. ಈ ಪಾಠಕ್ರಮ ಹಾಕಿಕೊಟ್ಟವರು ಪುರಂದರದಾಸರು ಅಂತ ಸಂಗೀತಗಾರರ ಪರಂಪರೆ ನಂಬಿದೆ. "ಕರ್ನಾಟಕ ಸಂಗೀತ ಪಿತಾಮಹ" ಅನ್ನೋ ಬಿರುದು ಅದಕ್ಕೇ.

ಯಾಕೆ ಈ ರಾಗವೇ? ಕೀಬೋರ್ಡ್ ಇರೋರು ಈಗಲೇ ಒತ್ತಿ ನೋಡಿ. ಸಿ, ಡಿ ಫ್ಲ್ಯಾಟ್, ಇ, ಎಫ್. ಇದು ಸ ರಿ ಗ ಮ. ಆಮೇಲೆ ಜಿ, ಎ ಫ್ಲ್ಯಾಟ್, ಬಿ, ಮೇಲಿನ ಸಿ. ಇದು ಪ ದ ನಿ ಸ.

ಮನೆಗಳನ್ನ ಎಣಿಸಿ. ಸ ಇಂದ ರಿ ಒಂದು ಮನೆ, ರಿ ಇಂದ ಗ ಮೂರು, ಗ ಇಂದ ಮ ಒಂದು. ಈಗ ಮೇಲಿನ ಅರ್ಧ. ಪ ಇಂದ ದ ಒಂದು, ದ ಇಂದ ನಿ ಮೂರು, ನಿ ಇಂದ ಸ ಒಂದು. ಎರಡೂ ಅಚ್ಚು ಒಂದೇ! ಕೆಳಗಿನ ಅರ್ಧ ಗಂಟಲಿಗೆ ಹತ್ತಿದರೆ ಮೇಲಿನ ಅರ್ಧ ಅದೇ ಹೆಜ್ಜೆ, ಬರೀ ಎತ್ತರ ಬೇರೆ. ಜೊತೆಗೆ ರಿ ಮತ್ತು ಗ ನಡುವೆ ದೊಡ್ಡ ಅಂತರ ಇರೋದರಿಂದ ಮಕ್ಕಳ ಕಿವಿಗೆ ಒಂದು ಸ್ವರ ಇನ್ನೊಂದರ ಜೊತೆ ಕಲೆಸಿ ಹೋಗಲ್ಲ.

ಇದೇ ರಾಗದ ಹೆಸರಲ್ಲೂ ಒಂದು ಮಜಾ ಇದೆ. ಹಳೆ ಹೆಸರು ಬರೀ ಮಾಳವಗೌಳ. 72 ಮೇಳಗಳ ಪಟ್ಟಿ ಬಂದ ಮೇಲೆ ಮುಂದೆ "ಮಾಯಾ" ಸೇರಿಸಿದರು. ಕಟಪಯಾದಿ ಲೆಕ್ಕದಲ್ಲಿ ಮ ಅಂದ್ರೆ 5, ಯ ಅಂದ್ರೆ 1. ತಿರುಗಿಸಿ ಓದಿದರೆ 15. ಪಟ್ಟಿಯಲ್ಲಿ ಇದು 15ನೇ ಮೇಳ. ಪಂಡಿತರು ರಾಗಗಳನ್ನ ಮೇಳದ ಪಟ್ಟಿಗೆ ಜೋಡಿಸುವ ಮುಂಚೆಯೇ, ಮಗುವಿನ ಗಂಟಲಿಗೆ ಯಾವುದು ಸುಲಭ ಅಂತ ಒಬ್ಬ ಮೇಷ್ಟ್ರು ಯೋಚನೆ ಮಾಡಿದ್ದರು ಅನ್ನೋದು ನನಗೆ ಇಷ್ಟ ಆಗೋ ವಿಷಯ.

ಭಾಗ 4/9: ನಾನು ಬಿಟ್ಟು ಓಡಿ ಬಂದ ಪಾಠ

ಈಗ ತಪ್ಪೊಪ್ಪಿಗೆ. ನಾನು ಸಣ್ಣವಳಿದ್ದಾಗ ಸಂಗೀತ ಕ್ಲಾಸಿಗೆ ಹೋಗ್ತಿದ್ದೆ. ಅಲಂಕಾರ ಮುಗಿದು ಪಿಳ್ಳಾರಿ ಗೀತೆ ಶುರುವಾದಾಗ ಬೇಜಾರು ಬಂದು ಬಿಟ್ಟುಬಿಟ್ಟೆ. "ಇದು ಪಾಪುಗಳ ಹಾಡು" ಅಂತ ಅಮ್ಮನ ಹತ್ತಿರ ಜಗಳ ಆಡಿದ್ದು ಈಗಲೂ ನೆನಪಿದೆ. ಆಗ ಗೊತ್ತಾಗದೇ ಇದ್ದಿದ್ದು ಈಗ ಗೊತ್ತಾಗ್ತಿದೆ. ಪಾಪುಗಳಿಗೆ ಅಂತ ಹಾಡು ಕಟ್ಟೋದು ದೊಡ್ಡವರಿಗೆ ಕಟ್ಟೋದಕ್ಕಿಂತ ಕಷ್ಟ.

ಪಿಳ್ಳಾರಿ ಅಂದರೆ ಗಣಪ. ಮೊದಲ ಗೀತೆ ಅವನ ಮೇಲೆ ಇರೋದರಿಂದ ಆ ಹೆಸರು. ಇವು ಇರೋದು ಮಲಹರಿ ರಾಗದಲ್ಲಿ, ರೂಪಕ ಮತ್ತು ತ್ರಿಪುಟ ತಾಳಗಳಲ್ಲಿ. ಮಲಹರಿ ಎಲ್ಲಿಂದ ಬಂತು? ಮಾಯಾಮಾಳವಗೌಳದಿಂದ. ಮೇಲೆ ಹೋಗುವಾಗ ಸ ರಿ ಮ ಪ ದ ಸ. ಕೆಳಗೆ ಬರುವಾಗ ಸ ದ ಪ ಮ ಗ ರಿ ಸ. ನಿ ಇಲ್ಲವೇ ಇಲ್ಲ, ಗ ಇಳಿಯುವಾಗ ಮಾತ್ರ.

ಇದನ್ನ ಮೇಷ್ಟ್ರ ಕಣ್ಣಲ್ಲಿ ನೋಡಿ. ಮಗು ತಿಂಗಳುಗಟ್ಟಲೆ ಏಳು ಸ್ವರ ತಿದ್ದಿದೆ. ಮೊದಲ ಹಾಡು ಕೊಡಬೇಕು. ಹೊಸ ಸ್ವರ ಒಂದೂ ಸೇರಿಸಲ್ಲ. ಗೊತ್ತಿರೋದರಲ್ಲೇ ಒಂದೆರಡನ್ನ ತೆಗೀತಾರೆ. ತೆಗೆದ ತಕ್ಷಣ ಬೇರೆಯದೇ ರಾಗ ಹುಟ್ಟುತ್ತೆ. ಮಗುವಿಗೆ ಕಷ್ಟ ಜಾಸ್ತಿ ಆಗಲಿಲ್ಲ, ಆದರೆ ರಾಗ ಅಂದರೇನು ಅಂತ ಹೊಳೆದಿರುತ್ತೆ.

ಗೀತೆಯಲ್ಲಿ ಸಂಗತಿಗಳ ಸುತ್ತಾಟ ಇಲ್ಲ. ಹೆಚ್ಚುಕಮ್ಮಿ ಒಂದು ಸ್ವರಕ್ಕೆ ಒಂದು ಅಕ್ಷರ. ಮೊದಲು ಸ್ವರ ಹಾಡ್ತೀರಿ, ಆಮೇಲೆ ಅದೇ ಜಾಗದಲ್ಲಿ ಮಾತು ಕೂರಿಸ್ತೀರಿ. ಸ್ವರ ಮತ್ತು ಮಾತು ಒಂದರ ಮೇಲೊಂದು ಹೇಗೆ ಕೂರುತ್ತೆ ಅಂತ ಕೈ ಹಿಡಿದು ತೋರಿಸಿದ ಹಾಗೆ.

ಹಾಗಂತ ಅರ್ಥ ಪಾಪು ಮಟ್ಟದ್ದಲ್ಲ. "ಕೆರೆಯ ನೀರನು" ಗೀತೆ ಕಲಿತವರು ನೆನಪಿಸಿಕೊಳ್ಳಿ. ನಾವು ನಮ್ಮದು ಅಂತ ದೇವರಿಗೆ ಕೊಡೋದೆಲ್ಲ ಮೊದಲೇ ಅವನದ್ದು ಅನ್ನೋ ವಿಚಾರವನ್ನ ನೀರಿನ ಚಿತ್ರದಲ್ಲಿ ಹೇಳಿಬಿಡ್ತಾರೆ. ಬೊಗಸೆಯಲ್ಲಿ ನೀರೆತ್ತಿ ಅದೇ ನೀರಿಗೆ ಬಿಡೋದನ್ನ ಆರು ವರ್ಷದ ಮಗುವೂ ನೋಡಿರುತ್ತೆ. ಅರ್ಥ ಆಗೋದು ಮೂವತ್ತು ವರ್ಷ ಆದ ಮೇಲೆ ಇರಬಹುದು. ಅಲ್ಲೀವರೆಗೂ ಹಾಡು ಒಳಗೇ ಇರುತ್ತೆ.

ಭಾಗ 5/9: ಪದ ಕಟ್ಟೋ ಕೆಲಸ

ಗೀತೆ ಪಾಠಕ್ಕೆ. ದೇವರನಾಮ ಬೀದಿಗೆ, ಮನೆಗೆ, ಭಜನೆಗೆ. ಪರಂಪರೆ ಹೇಳೋ ಲೆಕ್ಕ 4,75,000 ರಚನೆಗಳು. ನಮಗೆ ಸಿಕ್ಕಿರೋದು ಸಾವಿರದ ಆಸುಪಾಸು. ಇವುಗಳ ಕಟ್ಟಡ ಬಿಚ್ಚಿ ನೋಡೋಣ.

ಒಂದು, ಪಲ್ಲವಿ. ಚಿಕ್ಕದು, ಪೂರ್ತಿ ಅರ್ಥ ಇರೋದು, ಪ್ರತಿ ಚರಣ ಆದ ಮೇಲೂ ವಾಪಸ್ ಬರೋದು. ಚರಣ ದಾಸರು ಹಾಡ್ತಾರೆ, ಪಲ್ಲವಿ ಊರು ಹಾಡುತ್ತೆ. ಎರಡನೇ ಸುತ್ತಿಗೆ ಹೊಸಬನೂ ಸೇರಬಹುದು.

ಎರಡು, ಎರಡನೇ ಅಕ್ಷರದ ಪ್ರಾಸ. ಸಾಲುಗಳ ಎರಡನೇ ಅಕ್ಷರ ಒಂದೇ ಬರೋ ಹಾಗೆ ಜೋಡಿಸೋದು. ಹಳಗನ್ನಡ ಕಾವ್ಯದಲ್ಲಿದ್ದ ಶಿಸ್ತು ಅದು. ಬರೆದಿಟ್ಟುಕೊಳ್ಳದ ಜನಕ್ಕೆ ಅದೇ ನೆನಪಿನ ಗೂಟ. ಒಂದು ಸಾಲು ಮರೆತರೆ ಆ ಅಕ್ಷರ ಮುಂದಿನ ಸಾಲನ್ನ ಎಳ್ಕೊಂಡು ಬರುತ್ತೆ.

ಮೂರು, ಮಾತಿನಲ್ಲೇ ತಾಳ. ಕನ್ನಡದಲ್ಲಿ ಹ್ರಸ್ವ ದೀರ್ಘ ಇದೆಯಲ್ಲ, ಅದನ್ನ ಹಾಗೇ ತಾಳದ ಮೇಲೆ ಇಟ್ಟುಬಿಟ್ಟರೆ ಓದಿದರೂ ಲಯ ಬರುತ್ತೆ. ನನ್ನ ಹಾಡಲ್ಲಿ ಏನಾಗಿತ್ತು ಗೊತ್ತಾ? ಟ್ಯೂನ್ ಮೊದಲು ಮಾಡಿ ಅದಕ್ಕೆ ಮಾತು ತುರುಕಿದ್ದೆ. "ನೆನಪು" ಅನ್ನೋದನ್ನ "ನೇನಾಪೂ" ಅಂತ ಎಳೀಬೇಕಾಗಿತ್ತು. ಆಡೋ ಮಾತು ಹಾಗೆ ಎಳೆಯಲ್ಲ, ಅದಕ್ಕೆ ಯಾರ ನಾಲಿಗೆಗೂ ಅದು ಹತ್ತಲಿಲ್ಲ.

ನಾಲ್ಕು, ಎಲ್ಲರೂ ನೋಡಿರೋ ವಸ್ತು. ಕಲ್ಲುಸಕ್ಕರೆ, ಬೇವು ಬೆಲ್ಲ, ಗೆಜ್ಜೆ, ಭಿಕ್ಷೆಯ ಜೋಳಿಗೆ. ರಾಗಿ ಭಿಕ್ಷೆ ಕೇಳೋ ಒಂದು ಪ್ರಸಿದ್ಧ ಪದ ಇದೆ. ಕೇಳೋಕೆ ಬರೀ ಧಾನ್ಯ ಕೇಳಿದ ಹಾಗೆ. ಆದರೆ ಹೀಗೆ ಬಾಳಿ, ಹಾಗೆ ಬಾಳಿ ಅಂತ ಹೇಳುವಾಗ ಪದಗಳ ಬಾಲದಲ್ಲಿ ಅದೇ "ರಾಗಿ" ಬಂದು ಕೂರುತ್ತೆ. ಒಂದೇ ಶಬ್ದ, ಒಂದು ಸಲ ಕಾಳು, ಇನ್ನೊಂದು ಸಲ ವ್ಯಾಕರಣ. ಅಡುಗೆಮನೆ ಬಾಗಿಲಲ್ಲಿ ನಿಂತಿರೋ ಗೃಹಿಣಿಗೂ ನಗು ಬರುತ್ತೆ, ಪಕ್ಕದಲ್ಲಿರೋ ಪಂಡಿತನಿಗೂ ನಗು ಬರುತ್ತೆ. ಇಬ್ಬರಲ್ಲಿ ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ.

ಭಾಗ 6/9: ಕಷ್ಟದ್ದು ಬರ್ತಿರಲಿಲ್ವಾ?

ಇಲ್ಲಿ ಒಂದು ಅನುಮಾನ ಬರುತ್ತೆ. ನನಗೂ ಬಂತು. "ಅವರಿಗೆ ಬರ್ತಿದ್ದಿದ್ದೇ ಅಷ್ಟು ಇರಬೇಕು, ಅದಕ್ಕೆ ಸರಳವಾಗಿ ಬರೆದರು." ಅಲ್ವಾ?

ಅಲ್ಲ. ಪುರಂದರದಾಸರು ಸುಳಾದಿಗಳನ್ನೂ ರಚಿಸಿದ್ದಾರೆ. ಸುಳಾದಿ ಅಂದರೆ ಒಂದೇ ರಚನೆಯ ಒಂದೊಂದು ಭಾಗ ಒಂದೊಂದು ತಾಳದಲ್ಲಿ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ. ನಾವು ಅಲಂಕಾರದಲ್ಲಿ ಕಲಿಯೋ ಏಳು ತಾಳಕ್ಕೆ "ಸುಳಾದಿ ಸಪ್ತತಾಳ" ಅಂತ ಹೆಸರು ಬಂದಿರೋದೇ ಇದರಿಂದ. ವಿಚಾರದಲ್ಲೂ ಸುಳಾದಿ ಭಾರ. ಅಲ್ಲಿ ಮಧ್ವ ಸಿದ್ಧಾಂತವೇ ಇರುತ್ತೆ. ಕೂತು, ಗಮನ ಇಟ್ಟು, ಗೊತ್ತಿರೋರು ಕೇಳಬೇಕಾದ ರಚನೆ ಅದು. ಅವರ ಉಗಾಭೋಗಗಳೂ ಇವೆ. ಅವಕ್ಕೆ ತಾಳದ ಕಟ್ಟೇ ಇಲ್ಲ, ಹಾಡುವವರ ಭಾವಕ್ಕೆ ಬಿಟ್ಟಿದ್ದು.

ಅಂದರೆ ಅವರ ಪೆಟ್ಟಿಗೆಯಲ್ಲಿ ಎಲ್ಲ ಸಾಮಾನೂ ಇತ್ತು. ಮಗುವಿಗೆ ಗೀತೆ, ಊರಿಗೆ ಪದ, ತಿಳಿದವರಿಗೆ ಸುಳಾದಿ, ಒಬ್ಬನೇ ಕೂತಾಗ ಉಗಾಭೋಗ. ಯಾರಿಗೆ ಏನು ಅಂತ ಆರಿಸಿ ಕೊಟ್ಟರು. ಭಾಗ 2ರಲ್ಲಿ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಆ ವ್ಯಾಪಾರಿ ಇಲ್ಲಿ ಕಾಣ್ತಾನೆ.

ಈಗ ನನ್ನ ಹಾಡಿನ ಕಡೆ ತಿರುಗಿ. ನಾನು ತಾಳ ಬದಲಿಸಿದ್ದು ಹಾಡಿಗೆ ಬೇಕು ಅಂತಾನಾ? ಇಲ್ಲ. ನನಗೆ ಬರುತ್ತೆ ಅಂತ ತೋರಿಸೋಕೆ. ಬೀಳ್ಕೊಡುಗೆ ದಿನ ಸಂಕಟದಲ್ಲಿದ್ದ ನೂರು ಜನರಿಗೆ ಒಟ್ಟಿಗೆ ಬಾಯಿ ಬಿಡೋಕೆ ಒಂದು ಸಾಲು ಬೇಕಾಗಿತ್ತು. ನಾನು ಅವರಿಗೆ ನನ್ನ ಮಾರ್ಕ್ಸ್ ಕಾರ್ಡ್ ತೋರಿಸಿದೆ.

ಇದನ್ನ ಬರೆಯೋಕೆ ನಾಚಿಕೆ ಆಗುತ್ತೆ. ಆದರೆ ಬ್ಯಾಂಡ್ ಮಾಡ್ತಿರೋ, ರೀಲ್ಸ್‌ಗೆ ಟ್ಯೂನ್ ಹಾಕ್ತಿರೋ ನಿಮ್ಮಲ್ಲಿ ಇನ್ನೂ ಕೆಲವರಿಗೆ ಇದೇ ಆಗಿರುತ್ತೆ ಅಂತ ನನಗೆ ಗೊತ್ತು.

ಭಾಗ 7/9: 1565

ದಾಸರು ತೀರಿಕೊಂಡ ವರ್ಷ ಅಂತ ಹೇಳೋದು 1564. ಅದರ ಬೆನ್ನಿಗೇ, 1565ರ ಜನವರಿಯಲ್ಲಿ ರಕ್ಕಸತಂಗಡಿ ಯುದ್ಧ. ಶಾಲೆಯಲ್ಲಿ ತಾಳಿಕೋಟೆ ಅಂತ ಓದಿದ್ದೀವಿ. ರಾಮರಾಯ ಸತ್ತ. ಅರಸು ಮನೆತನ ಪೆನುಕೊಂಡೆಗೆ ಓಡಿತು. ಊರು ಲೂಟಿಯಾಯ್ತು, ಸುಟ್ಟಿತು. ಮರದ ಅರಮನೆಗಳು ಹೋದವು, ಇವತ್ತು ನಾವು ನೋಡೋದು ಅವುಗಳ ಕಲ್ಲಿನ ಜಗಲಿ ಮಾತ್ರ.

ಈಗ ಯೋಚನೆ ಮಾಡಿ. ಈ ಪದಗಳು ಅರಮನೆ ಭಂಡಾರದ ಓಲೆಗಳಲ್ಲಿ ಮಾತ್ರ ಇದ್ದಿದ್ದರೆ? ನಾಲ್ಕು ಜನ ಆಸ್ಥಾನ ವಿದ್ವಾಂಸರಿಗೆ ಮಾತ್ರ ಹಾಡೋಕೆ ಬರೋ ಹಾಗಿದ್ದಿದ್ದರೆ? ಊರಿನ ಜೊತೆ ಅವೂ ಹೋಗ್ತಿದ್ದವು. ಆದರೆ ಅಷ್ಟರಲ್ಲಿ ಅವು ಯಾತ್ರಿಕರ, ಭಿಕ್ಷೆಗೆ ತಿರುಗೋ ದಾಸರ, ಮೊಸರು ಕಡೆಯೋ ಹೆಂಗಸರ ಬಾಯಿಗೆ ಹೋಗಿದ್ದವು. ಓಡಿ ಹೋದವರು ಗಂಟುಮೂಟೆ ಬಿಟ್ಟಿರಬಹುದು, ಬಾಯಿಪಾಠ ಬಿಟ್ಟು ಹೋಗೋಕಾಗಲ್ಲ. ಆಮೇಲೆ ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಆ ದಾರಿಯಲ್ಲೇ ನಡೆದರು.

ಆದರೆ ಒಂದು ದೊಡ್ಡ ನಷ್ಟವೂ ಆಯ್ತು. ದಾಸರು ಹಾಕಿದ ಮೂಲ ಧಾಟಿಗಳು ಹೆಚ್ಚಿನ ಪದಗಳಿಗೆ ಉಳಿದಿಲ್ಲ. ಪಿಳ್ಳಾರಿ ಗೀತೆಗಳ ಧಾಟಿ ಪಾಠದಲ್ಲಿ ಗಟ್ಟಿಯಾಗಿ ನಿಂತಿದೆ, ದೇವರನಾಮಗಳದ್ದು ಹಾಗಲ್ಲ. 1850ರಲ್ಲಿ ಜರ್ಮನ್ ಪಾದ್ರಿ ಹೆರ್ಮನ್ ಮೊಗ್ಲಿಂಗ್ ಮಂಗಳೂರಲ್ಲಿ ದಾಸರ ಪದಗಳನ್ನ ಅಚ್ಚು ಹಾಕಿಸಿದರು. ನಮ್ಮ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ" ತಂದವರೇ ಅವರು. ಮಾತು ಕಾಗದಕ್ಕೆ ಬಂತು. ಕರ್ನಾಟಕ ಸಂಗೀತದ ರಚನೆಗಳು ಸ್ವರಲಿಪಿ ಸಮೇತ ದೊಡ್ಡ ಗ್ರಂಥವಾಗಿ ಬಂದಿದ್ದು 1904ರಲ್ಲಿ, ಎಟ್ಟಯಪುರದಲ್ಲಿ, ಸುಬ್ಬರಾಮ ದೀಕ್ಷಿತರಿಂದ. ದಾಸರು ಹೋಗಿ ಅಷ್ಟೊತ್ತಿಗೆ 340 ವರ್ಷ.

ಟ್ಯೂನ್ ಕಳೆದು ಹೋದ ಮೇಲೂ ಹಾಡು ಬದುಕಿದ್ದು ಹೇಗೆ? ಅದನ್ನ ನನಗೆ ಅರ್ಥ ಮಾಡಿಸಿದ್ದು ನಮ್ಮಜ್ಜಿ.

ಭಾಗ 8/9: "ನಿಂದು ರಾಗ ತಪ್ಪೈತಿ ಅಜ್ಜಿ"

ಶುಕ್ರವಾರ ಸಂಜೆ ದೀಪ ಹಚ್ಚಿ ನಮ್ಮಜ್ಜಿ ಲಕ್ಷ್ಮಿಯನ್ನ ಮನೆಗೆ ಕರೆಯೋ ಪದ ಹಾಡ್ತಾಳೆ. ಯಾವುದು ಅಂತ ನಿಮಗೆಲ್ಲ ಗೊತ್ತು. ಕಛೇರಿಗಳಲ್ಲಿ ಅದನ್ನ ಸಾಮಾನ್ಯವಾಗಿ ಮಧ್ಯಮಾವತಿಯಲ್ಲಿ ಹಾಡ್ತಾರೆ. ಅಜ್ಜಿಯ ಧಾಟಿ ಅದಲ್ಲ. ಏಳೆಂಟು ವರ್ಷದ ಹಿಂದೆ ನಾನು ದೊಡ್ಡ ಸಂಗೀತಗಾರಳ ಥರ ಹೇಳಿದ್ದೆ, "ನಿಂದು ರಾಗ ತಪ್ಪೈತಿ ಅಜ್ಜಿ."

ಅಜ್ಜಿ ಬತ್ತಿ ಸರಿ ಮಾಡ್ತಾ ಅಂದಳು, "ನಮ್ಮವ್ವ ಹಿಂಗ ಹಾಡ್ತಿದ್ಲವ್ವಾ. ಆಕಿಗೆ ತಪ್ಪು ಅಂತ ಯಾರೂ ಅಂದಿಲ್ಲ."

ಈಗ ಗೊತ್ತಾಗಿದೆ. ಮೂಲ ಧಾಟಿ ಇದೇ ಅಂತ ಎದೆ ತಟ್ಟಿ ಹೇಳೋಕೆ ಯಾರ ಹತ್ತಿರವೂ ಏನೂ ಇಲ್ಲ. ಭೀಮಸೇನ ಜೋಶಿ ಅದೇ ಪದವನ್ನ ಹಿಂದೂಸ್ತಾನಿ ಶೈಲಿಯಲ್ಲಿ ಹಾಡಿದರು. ಎಂ. ಎಲ್. ವಸಂತಕುಮಾರಿ ದಾಸರ ಪದಗಳನ್ನ ಕರ್ನಾಟಕ ಕಛೇರಿಯ ರೀತಿಯಲ್ಲಿ ನಾಡಿಗೆಲ್ಲ ಕೇಳಿಸಿದರು. ಅಜ್ಜಿ ಅಡುಗೆಮನೆ ರೀತಿಯಲ್ಲಿ ಹಾಡ್ತಾಳೆ. ರಾಗ ಬೇರೆ ಆದರೂ ಹಾಡು ಮುರಿಯಲ್ಲ, ಯಾಕೆಂದರೆ ಲಯ ಮಾತಿನಲ್ಲೇ ಇದೆ, ಪಲ್ಲವಿ ಎಲ್ಲರಿಗೂ ಬರುತ್ತೆ, ಒಂದೊಂದು ಚರಣವೂ ತನ್ನ ಕಾಲ ಮೇಲೆ ನಿಲ್ಲುತ್ತೆ. ಈಚೆಗೆ ಅಜ್ಜಿಗೆ ಮರೆವು. ಮೊನ್ನೆ ಮೂರನೇ ಚರಣ ನೆನಪಾಗಲಿಲ್ಲ. ಒಂದು ಕ್ಷಣ ನಿಂತಳು, ಪಲ್ಲವಿ ಎತ್ತಿಕೊಂಡಳು, ನಾಲ್ಕನೇದಕ್ಕೆ ಹೋದಳು. ಕೇಳ್ತಿದ್ದವರಿಗೆ ಏನೂ ತಪ್ಪಿದ ಹಾಗೆ ಅನ್ನಿಸಲೇ ಇಲ್ಲ. ನನ್ನ ಹಾಡಲ್ಲಿ ಒಂದು ಸಾಲು ತಪ್ಪಿದ್ದರೆ ಅಲ್ಲಿಗೆ ಮುಗೀತು.

ಇದು ದಾಸರೊಬ್ಬರ ಗುಟ್ಟಲ್ಲ. ಅವರನ್ನ ದೊಡ್ಡವರು ಅಂತ ಒಪ್ಪಿದವರೂ ಇದನ್ನ ಅರಿತಿದ್ದರು. ತಂಜಾವೂರು ಸೀಮೆಯ ತ್ಯಾಗರಾಜರು (1767–1847) ತಮ್ಮ "ಪ್ರಹ್ಲಾದ ಭಕ್ತಿ ವಿಜಯ"ದಲ್ಲಿ ಪುರಂದರದಾಸರಿಗೆ ನಮಸ್ಕಾರ ಸಲ್ಲಿಸಿದ್ದಾರೆ. ಪಂಚರತ್ನ ಕೃತಿಗಳಂಥ ಬೃಹತ್ ರಚನೆ ಮಾಡಿದ ಅವರೇ, ಗುಂಪಾಗಿ ಹಾಡೋಕೆ ಅಂತ ದಿವ್ಯನಾಮ ಕೀರ್ತನೆಗಳನ್ನ ಸರಳವಾಗಿ ಕಟ್ಟಿದರು. ಮುತ್ತುಸ್ವಾಮಿ ದೀಕ್ಷಿತರ ಕೃತಿಗಳು ಅಂದರೆ ಆನೆ ನಡಿಗೆ, ನಿಧಾನ, ಗಂಭೀರ. ಅವರು ಕಂಪನಿ ಕಾಲದ ಇಂಗ್ಲಿಷ್ ಬ್ಯಾಂಡ್ ಟ್ಯೂನ್‌ಗಳಿಗೆ ಸಂಸ್ಕೃತದ ಮಾತು ಹಾಕಿ ಸುಮಾರು 40 ಪುಟಾಣಿ ಹಾಡು ಮಾಡಿದ್ದಾರೆ. ನೊಟ್ಟುಸ್ವರ ಅಂತಾರೆ. ಬ್ರಿಟನ್ ರಾಷ್ಟ್ರಗೀತೆಯ ಟ್ಯೂನ್ ಕೂಡ ಅದರಲ್ಲಿದೆ! ಇವತ್ತಿಗೂ ಮಕ್ಕಳ ಪಾಠದಲ್ಲಿ ಅವು ಇವೆ.

ಭಾಗ 9/9: ಈ ವರ್ಷದ ಹಾಡು

ಸರಳ ಅಂದರೆ ಸೋಮಾರಿತನ ಅಂತ ಯಾರಾದರೂ ಅಂದುಕೊಂಡರೆ ಅದೂ ತಪ್ಪು. ನಾಲ್ಕು ಕಾರ್ಡ್ ಹಾಕಿ, ಒಂದೇ ಮಾತನ್ನ ಹದಿನಾರು ಸಲ ಹೇಳಿದರೆ ಹಾಡಾಗಲ್ಲ. ಅದು ಮೂರು ವಾರ ಓಡಿ ಮಾಯ ಆಗೋದನ್ನ ನಾವೇ ನೋಡಿದ್ದೀವಿ. ರಾಗಿ ಪದದಲ್ಲಿ ಆ ಒಂದು ಶಬ್ದ ಹುಡುಕೋಕೆ ಕನ್ನಡ ಎಷ್ಟು ಚೆನ್ನಾಗಿ ಗೊತ್ತಿರಬೇಕು ಯೋಚನೆ ಮಾಡಿ. ಮಲಹರಿಯಿಂದ ನಿ ತೆಗೆದರೂ ಖಾಲಿ ಅನ್ನಿಸದ ಹಾಗೆ ಕೂರಿಸೋಕೆ ರಾಗ ಎಷ್ಟು ಗೊತ್ತಿರಬೇಕು. ಕೇಳೋರ ಮೇಲೆ ಭಾರ ಬೀಳದ ಹಾಗೆ ಎಲ್ಲ ಭಾರ ಕಟ್ಟೋರೇ ಹೊತ್ತಿರ್ತಾರೆ.

ಹಾಗೇ ಎಲ್ಲ ಸಂಗೀತವೂ ಸರಳ ಇರಬೇಕು ಅಂತಲೂ ನಾನು ಹೇಳ್ತಿಲ್ಲ. ಸುಳಾದಿ ಬೇಡ ಅಂದರೆ ನಷ್ಟ ನಮಗೇ. ಒಟ್ಟಿಗೆ ಹಾಡಬೇಕಾದ ಹಾಡು, ಇನ್ನೊಬ್ಬರು ಹೊತ್ತುಕೊಂಡು ಹೋಗಬೇಕಾದ ಹಾಡು ಮಾತ್ರ ಅವರ ಕೈಗೆ ಹಗುರ ಇರಬೇಕು.

ಈ ವರ್ಷದ ಹಾಡಿಗೆ ನಾನು ಹೀಗೆ ಮಾಡಿದ್ದೀನಿ. ಮೊದಲು ಮಾತು ಬರೆದೆ, ಜೋರಾಗಿ ಓದಿದೆ, ಮಾತು ಎಲ್ಲಿ ತಾನೇ ಉದ್ದ ಆಗುತ್ತೋ ಅಲ್ಲಿ ಮಾತ್ರ ಎಳೆದೆ. ಪಲ್ಲವಿಗೆ ಐದೇ ಸ್ವರ. ಗಂಡು ಹೆಣ್ಣು ಎಲ್ಲರ ಗಂಟಲಿಗೂ ನಿಲುಕೋ ಎತ್ತರ. ಡಿಕ್ಷನರಿ ಪದ ಎಲ್ಲ ಹೊಡೆದು ಹಾಕಿ ನಮ್ಮ ಕಾಲೇಜಿನ ಬೇವಿನ ಮರ, ಬಸ್ ಸ್ಟಾಪು, ಸೋರುವ ಲ್ಯಾಬಿನ ಮೇಲ್ಛಾವಣಿ ತಂದೆ. ಯಾವ ಚರಣ ಬಿಟ್ಟರೂ ಹಾಡು ನಿಲ್ಲಬೇಕು ಅಂತ ನೋಡಿಕೊಂಡೆ. ಹೋದ ಸಲ ಎರಡು ತಿಂಗಳು ಹಿಡಿದಿತ್ತು. ಈ ಸಲ ಆರು ತಿಂಗಳು. ಸೇರಿಸೋದು ಬೇಗ ಆಗುತ್ತೆ, ತೆಗೆಯೋಕೆ ಟೈಮ್ ಬೇಕು.

ಮೊನ್ನೆ ಕ್ಯಾಂಟೀನ್ ಕ್ಯೂನಲ್ಲಿ ನಿಂತು ಸುಮ್ಮನೆ ಪಲ್ಲವಿ ಗುನುಗಿದೆ. "ನನಗೆ ಹಾಡೋಕೆ ಬರಲ್ಲ" ಅಂತ ಮೂರು ವರ್ಷದಿಂದ ಹೇಳ್ತಿರೋ ಲಾಸ್ಟ್ ಬೆಂಚಿನವನು ಹಿಂದೆ ನಿಂತಿದ್ದ. ಎರಡನೇ ಸಲಕ್ಕೆ ಅವನೂ ಗುನುಗಿದ, ಅದೂ ನಾನು ಇಟ್ಟ ಸ್ವರ ಬಿಟ್ಟು ತನ್ನದೇ ರೀತಿಯಲ್ಲಿ. ತಿದ್ದೋಕೆ ಬಾಯಿ ತೆರೆದೆ. ಅಜ್ಜಿಯ ಬತ್ತಿ ನೆನಪಾಯ್ತು. ಸುಮ್ಮನಾದೆ.

ಕೊನೆಗೆ ನಿಮಗೆ ಒಂದು ಕೆಲಸ. ನಿಮ್ಮ ಮನೆಯಲ್ಲಿ ಅಜ್ಜಿ, ದೊಡ್ಡಮ್ಮ, ತಾತ ಯಾರಾದರೂ ದಾಸರ ಪದ ಹಾಡ್ತಾರಾ? ಈ ಭಾನುವಾರ ಫೋನ್ ಪಕ್ಕದಲ್ಲಿಟ್ಟು ರೆಕಾರ್ಡ್ ಮಾಡಿಕೊಳ್ಳಿ. ಯಾವ ತಾಲೂಕಿನ ಧಾಟಿ, ಯಾರಿಂದ ಕಲಿತರು ಅಂತ ಕೇಳಿ ಬರೆದಿಡಿ. ದಾಸರ ಕಾಲದ ಧಾಟಿ ಹೋಯ್ತು, ಅದಕ್ಕೆ ಆಗ ಯಂತ್ರ ಇರಲಿಲ್ಲ. ನಿಮ್ಮ ಅಜ್ಜಿಯ ಧಾಟಿ ಹೋದರೆ ನಮಗೆ ಆ ನೆಪ ಇಲ್ಲ. ಹಾಡುವಾಗ ದಯವಿಟ್ಟು ತಿದ್ದಬೇಡಿ.

ಬೀಳ್ಕೊಡುಗೆ ದಿನ ಸಿಗೋಣ. ಪಲ್ಲವಿ ನಿಮ್ಮದು.

#ಪುರಂದರದಾಸರು #ದೇವರನಾಮ #ಹಂಪಿ #ಹಾಡುಕಟ್ಟೋಣ #ಅಜ್ಜಿಯಧಾಟಿ